ಜಿಪಿಎಸ್ ಇಲ್ಲದ ಜಾಗದಲ್ಲಿ ನೌಕೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?

ಪ್ರಶ್ನೆ: ಸರ್, ನಾನು ಬಿಎಸ್ಸಿ ಎರಡನೇ ವರ್ಷ ಓದ್ತಿದೀನಿ. ಜಿಪಿಎಸ್ ಆಫ್ ಮಾಡಿದ್ರೆ ನಮಗೆ ಪಕ್ಕದ ಏರಿಯಾದ ದಾರಿನೇ ತಪ್ಪುತ್ತೆ. ವಾಯೇಜರ್ ಅಷ್ಟು ದೂರ ಹೋಗಿದೆ, ಮಂಗಳಯಾನ ಕರೆಕ್ಟಾಗಿ ಮಂಗಳದ ಸುತ್ತ ಹೋಗಿ ಸೇರ್ಕೊಳ್ತು. ಇಲ್ಲಿ ಕೂತವರಿಗೆ ಅದು ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ಟೆಲಿಸ್ಕೋಪಲ್ಲಿ ಕಾಣುತ್ತಾ, ಇಲ್ಲಾ ನೌಕೆನೇ ನಾನಿಲ್ಲಿದೀನಿ ಅಂತ ಹೇಳುತ್ತಾ?

ಉತ್ತರ: ನಿಮ್ಮ ಕೊನೆಯ ಸಾಲಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ಲರಿಗೂ ಮೊದಲು ಹೊಳೆಯೋದು ಅದೇ ಎರಡು ದಾರಿ, ಎರಡೂ ಅಲ್ಲ. ಮಂಗಳದಷ್ಟು ದೂರದಲ್ಲಿ ಒಂದು ಕಾರಿನ ಗಾತ್ರದ ವಸ್ತು ಟೆಲಿಸ್ಕೋಪಿಗೆ ಸಿಗೋ ಮಾತೇ ಇಲ್ಲ. ಇನ್ನು ನೌಕೆ ಹೇಳುತ್ತಾ ಅಂದ್ರೆ, ಹೇಳೋಕೆ ಅದಕ್ಕೇ ಗೊತ್ತಿರಲ್ಲ. ತಾನು ಯಾವ ಕಡೆ ಮುಖ ಮಾಡ್ಕೊಂಡಿದೀನಿ ಅನ್ನೋದು ಸೂರ್ಯನ್ನ, ನಕ್ಷತ್ರಗಳನ್ನ ನೋಡಿ ಅದಕ್ಕೆ ಗೊತ್ತಾಗುತ್ತೆ, ಎಲ್ಲಿದೀನಿ ಅನ್ನೋದು ಹೆಚ್ಚಿನ ನೌಕೆಗಳಿಗೆ ತಾವಾಗೇ ಗೊತ್ತಾಗಲ್ಲ. ಆ ತಿಳುವಳಿಕೆ ಪೂರ್ತಿ ಭೂಮಿ ಮೇಲಿರುತ್ತೆ. ನಾವು ಲೆಕ್ಕ ಹಾಕಿ ಅದಕ್ಕೆ ಹೇಳ್ತೀವಿ, ನೀನು ಇಂಥ ಕಡೆ ಇದೀಯ, ಇಂಥ ದಿನ ಇಷ್ಟು ಹೊತ್ತಿಗೆ ಇಷ್ಟು ಸೆಕೆಂಡ್ ಇಂಜಿನ್ ಉರಿಸು ಅಂತ.

ನಾನು ಬಹಳ ವರ್ಷ ಈ ಲೆಕ್ಕದ ಕೆಲಸಾನೇ ಮಾಡಿದೋನು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ, ತಾಳ್ಮೆಯಿಂದ ಓದಿ.

ನಮ್ಮ ಕೈಗೆ ಸಿಗೋದು ಒಂದು ರೇಡಿಯೋ ಸಿಗ್ನಲ್, ಅಷ್ಟೇ. ಅದರಲ್ಲಿ ನಾವು ಅಳೆಯೋದು ಮುಖ್ಯವಾಗಿ ಎರಡೇ ವಿಷಯ: ಸಿಗ್ನಲ್ ಹೋಗಿ ಬರೋಕೆ ಎಷ್ಟು ಹೊತ್ತು ಆಯ್ತು, ಅದರ ಫ್ರೀಕ್ವೆನ್ಸಿ ಎಷ್ಟು ಬದಲಾಯ್ತು. ಬೆಟ್ಟದ ಎದುರು ನಿಂತು ಕೂಗಿದ್ರೆ ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಅನ್ನೋದ್ರಿಂದ ಬೆಟ್ಟ ಎಷ್ಟು ದೂರ ಅಂತ ಅಂದಾಜು ಮಾಡಬಹುದಲ್ವಾ, ಮೊದಲನೇದು ಅದೇ. ಭೂಮಿಯಿಂದ ಹೋಗೋ ಸಿಗ್ನಲ್ ಮೇಲೆ ಒಂದು ಗುರುತಿನ ಕೋಡ್ ಕೂರಿಸ್ತಾರೆ, ನೌಕೆಯಲ್ಲಿರೋ ಟ್ರಾನ್ಸ್‌ಪಾಂಡರ್ ಅದನ್ನ ಹಾಗೇ ವಾಪಸ್ ಕಳಿಸುತ್ತೆ, ಹೋಗಿ ಬಂದ ಸಮಯ ಅಳೆದು ಬೆಳಕಿನ ವೇಗದಿಂದ ಗುಣಿಸಿದ್ರೆ ದೂರ. ಹೇಳೋಕೆ ಸುಲಭ, ಆದ್ರೆ ಸಿಗ್ನಲ್ ಹೋಗಿ ಬರೋದ್ರೊಳಗೆ ನೌಕೆನೂ ಓಡಿರುತ್ತೆ, ನಾವೂ ಓಡಿರ್ತೀವಿ. ಮಂಗಳಯಾನ ಮಂಗಳ ಸೇರಿದ ದಿನ ಸಿಗ್ನಲ್ ಒಂದು ಕಡೆಗೆ ಹನ್ನೆರಡೂವರೆ ನಿಮಿಷ ತಗೊಳ್ತಿತ್ತು, ಹೋಗಿ ಬರೋಕೆ 25 ನಿಮಿಷ, ಅಷ್ಟರಲ್ಲಿ ಭೂಮಿ ತನ್ನ ಕಕ್ಷೆಯಲ್ಲಿ ಸುಮಾರು 45 ಸಾವಿರ ಕಿಲೋಮೀಟರ್ ಮುಂದೆ ಹೋಗಿರುತ್ತೆ. ಹಾಗಾಗಿ ಹೋದ ದಾರಿ ಬೇರೆ, ಬಂದ ದಾರಿ ಬೇರೆ, ಸುಮ್ನೆ ಎರಡರಿಂದ ಭಾಗಿಸಿದ್ರೆ ಆಗಲ್ಲ. ಇದರ ಮೇಲೆ ನಮ್ಮ ವಾತಾವರಣದ ತೇವಾಂಶ ಸಿಗ್ನಲನ್ನ ಸ್ವಲ್ಪ ನಿಧಾನ ಮಾಡುತ್ತೆ, ಸೂರ್ಯನ ಹತ್ರ ಹಾದು ಬಂದ್ರೆ ಸೂರ್ಯನ ಗುರುತ್ವದಿಂದ ಇನ್ನಷ್ಟು ತಡ ಆಗುತ್ತೆ, ಆಂಟೆನಾ ನಿಂತಿರೋ ನೆಲಾನೇ ಜರುಗ್ತಾ ಇರುತ್ತೆ (ಆಸ್ಟ್ರೇಲಿಯಾ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಜರುಗುತ್ತೆ). ಇದೆಲ್ಲ ಲೆಕ್ಕಕ್ಕೆ ತಗೊಂಡ ಮೇಲೆ, ಇಪ್ಪತ್ತು ಕೋಟಿ ಕಿಲೋಮೀಟರ್ ಆಚೆ ಇರೋ ನೌಕೆಯ ದೂರ ಕೆಲವೇ ಮೀಟರ್ ಆಚೀಚೆಗೆ ಗೊತ್ತಾಗುತ್ತೆ. ಇದನ್ನ ಎಷ್ಟು ಸಲ ನೆನೆಸ್ಕೊಂಡ್ರೂ ನನಗೆ ಮೈ ಜುಂ ಅನ್ನುತ್ತೆ.

ಎರಡನೇದು ಫ್ರೀಕ್ವೆನ್ಸಿ, ಅಂದ್ರೆ ಡಾಪ್ಲರ್. ರೈಲ್ವೆ ಗೇಟ್ ಹತ್ರ ನಿಂತಾಗ ಟ್ರೈನ್ ಹತ್ರ ಬರೋವಾಗ ಹಾರ್ನ್ ಸಣ್ಣ ಶ್ರುತಿಯಲ್ಲಿ ಕೇಳಿ, ದಾಟಿದ ತಕ್ಷಣ ದಪ್ಪ ಆಗುತ್ತಲ್ಲ, ಅದೇ. ಇಂಥ ನೌಕೆಗಳು ಹೆಚ್ಚಾಗಿ ಎಕ್ಸ್ ಬ್ಯಾಂಡಲ್ಲಿ, ಸುಮಾರು 8.4 ಗಿಗಾಹರ್ಟ್ಸ್‌ನಲ್ಲಿ ಮಾತಾಡ್ತವೆ. ಆ ಫ್ರೀಕ್ವೆನ್ಸಿಯಲ್ಲಿ ನೌಕೆಯ ವೇಗ ಸೆಕೆಂಡಿಗೆ ಒಂದು ಮೀಟರ್ ಬದಲಾದ್ರೆ ಸಿಗ್ನಲ್ 28 ಹರ್ಟ್ಸ್ ಜರುಗುತ್ತೆ. ನಾವು ಅಳೆಯೋದು ಹರ್ಟ್ಸಿನ ನೂರನೇ, ಸಾವಿರನೇ ಭಾಗಗಳನ್ನ, ಹಾಗಾಗಿ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ವೇಗದ ಬದಲಾವಣೆನೂ ಕಾಣುತ್ತೆ. ಅಂಗಳದಲ್ಲಿ ಹರಿದಾಡೋ ಬಸವನಹುಳು ಇದಕ್ಕಿಂತ ಜೋರಾಗಿ ಹೋಗುತ್ತೆ.

ಇಷ್ಟು ನಿಖರವಾಗಿ ಅಳೀಬೇಕಂದ್ರೆ ಗಡಿಯಾರ ಚೆನ್ನಾಗಿರ್ಬೇಕು. ನೌಕೆಯಲ್ಲಿರೋ ಆಸಿಲೇಟರ್ (ಫ್ರೀಕ್ವೆನ್ಸಿ ಹುಟ್ಟಿಸೋ ಭಾಗ) ಬಿಸಿಲು ನೆರಳಿಗೆ, ವಯಸ್ಸಿಗೆ ಆಚೀಚೆ ಆಗುತ್ತೆ, ಅದರ ಫ್ರೀಕ್ವೆನ್ಸಿ ಬದಲಾದ್ರೆ ನೌಕೆ ವೇಗ ಬದಲಾಯ್ತೋ ಆಸಿಲೇಟರ್ ಕೈಕೊಟ್ಟಿತೋ ಅಂತ ಹೇಳೋಕಾಗಲ್ಲ. ಅದಕ್ಕೆ ಉಪಾಯ ಏನಂದ್ರೆ ಗಡಿಯಾರನ ಭೂಮಿ ಮೇಲೇ ಇಟ್ಕೊಳ್ಳೋದು. ಸ್ಟೇಷನಲ್ಲಿರೋ ಹೈಡ್ರೋಜನ್ ಮೇಸರ್ ಅನ್ನೋ ಪರಮಾಣು ಗಡಿಯಾರದಿಂದ ಹುಟ್ಟಿದ ಫ್ರೀಕ್ವೆನ್ಸಿ ಮೇಲೆ ಹೋಗುತ್ತೆ, ನೌಕೆ ಅದನ್ನ ಹಿಡ್ಕೊಂಡು 880/749 ಅನ್ನೋ ಅನುಪಾತದಿಂದ ಗುಣಿಸಿ ವಾಪಸ್ ಕಳಿಸುತ್ತೆ. ತನ್ನದೇನೂ ಸೇರಿಸಲ್ಲ. ಬಂದಿದ್ದನ್ನ ಅದೇ ಮೇಸರ್ ಜೊತೆ ಹೋಲಿಸ್ತೀವಿ. ನೌಕೆ ಇಲ್ಲಿ ಒಂದು ಕನ್ನಡಿ ಥರ ಕೆಲಸ ಮಾಡುತ್ತೆ.

ನಾಸಾದ ಎರಡು ವಾಯೇಜರ್ ನೌಕೆಗಳಲ್ಲಿ ವಾಯೇಜರ್ 2ರ ಕಥೆ ಇಲ್ಲಿ ಹೇಳಲೇಬೇಕು. ಅದು ಹೊರಟಿದ್ದು 1977ರ ಆಗಸ್ಟ್ 20ಕ್ಕೆ, ಮರುವರ್ಷ 1978ರ ಏಪ್ರಿಲಲ್ಲೇ ಅದರ ಮುಖ್ಯ ರಿಸೀವರ್ ಕೆಟ್ಟೋಯ್ತು. ಬ್ಯಾಕಪ್ ರಿಸೀವರ್ ಇತ್ತು, ಆದ್ರೆ ಅದರಲ್ಲಿ ಒಂದು ಕೆಪಾಸಿಟರ್ ಹೋಗಿ, ಬರೋ ಫ್ರೀಕ್ವೆನ್ಸಿ ಹಿಂದೆ ತಾನೇ ಓಡಿ ಹಿಡಿಯೋ ಶಕ್ತಿ ಕಳ್ಕೊಂಡಿತ್ತು. ಈಗ ಅದಕ್ಕೆ ಕೇಳಿಸೋದು ಸುಮಾರು ನೂರು ಹರ್ಟ್ಸ್ ಅಗಲದ ಒಂದು ಸಣ್ಣ ಕಿಂಡಿಯಲ್ಲಿ ಮಾತ್ರ, ಆ ಕಿಂಡಿನೂ ನೌಕೆಯ ಟೆಂಪರೇಚರ್ ಬದಲಾದ ಹಾಗೆ ಜರುಗುತ್ತೆ. ಭೂಮಿ ತನ್ನ ಸುತ್ತ ತಿರುಗೋದ್ರಿಂದಲೇ ಸಿಗ್ನಲ್ ಸಾವಿರ ಹರ್ಟ್ಸ್‌ಗಿಂತ ಜಾಸ್ತಿ ಆಚೀಚೆ ಆಗುತ್ತೆ, ಇನ್ನು ಕಿಂಡಿಗೆ ಹೇಗೆ ಸರಿಯಾಗಿ ಹೋಗ್ಬೇಕು? ಅದಕ್ಕೆ ಕಳಿಸೋವಾಗಲೇ ಫ್ರೀಕ್ವೆನ್ಸಿಯನ್ನ ಕ್ಷಣಕ್ಷಣಕ್ಕೂ ಬದಲಾಯಿಸ್ತಾ ಕಳಿಸ್ತಾರೆ, ಡಾಪ್ಲರ್ ಎಷ್ಟು ಕೆಡಿಸುತ್ತೋ ಅಷ್ಟನ್ನ ಮೊದಲೇ ತಿದ್ದಿ, ನೌಕೆಗೆ ತಲುಪೋ ಹೊತ್ತಿಗೆ ಅದು ನೇರ ಕಿಂಡಿಯೊಳಗೆ ಬೀಳೋ ಹಾಗೆ. ಗುರು, ಶನಿ, ಯುರೇನಸ್, ನೆಪ್ಚೂನ್ ನಾಲ್ಕನ್ನೂ ಆ ನೌಕೆ ನೋಡಿ ಬಂದಿದ್ದು ಈ ಕಿವಿ ಇಟ್ಕೊಂಡೇ. ನೌಕೆ ಎಲ್ಲಿದೆ, ಎಷ್ಟು ಜೋರಾಗಿ ಹೋಗ್ತಿದೆ ಅನ್ನೋ ಲೆಕ್ಕ ಪಕ್ಕಾ ಇಲ್ದಿದ್ರೆ ಅದರ ಜೊತೆ ಮಾತಾಡೋಕೂ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಸರಿ, ಈಗ ನಿಜವಾದ ತೊಂದರೆಗೆ ಬರ್ತೀನಿ. ದೂರ ಗೊತ್ತಾಯ್ತು, ನಮ್ಮಿಂದ ದೂರ ಹೋಗೋ ವೇಗ ಗೊತ್ತಾಯ್ತು. ಎರಡೂ ನಮ್ಮ ಕಣ್ಣಿನ ನೇರಕ್ಕೆ ಇರೋ ಅಳತೆಗಳು. ಪಕ್ಕಕ್ಕೆ ಎಷ್ಟು ಸರಿದಿದೆ ಅನ್ನೋದು ಇವೆರಡರಲ್ಲೂ ನೇರವಾಗಿ ಇಲ್ಲ. ರಾತ್ರಿ ಹೈವೇನಲ್ಲಿ ಎದುರಿಂದ ಒಂದೇ ಹೆಡ್‌ಲೈಟ್ ಬರ್ತಿದ್ರೆ ಅದು ಬೈಕೋ, ಒಂದು ಲೈಟ್ ಹೋದ ಲಾರಿನೋ, ರೋಡಿನ ಯಾವ ಪಕ್ಕದಲ್ಲಿದೆ ಅಂತ ಹತ್ರ ಬರೋ ತನಕ ಗೊತ್ತಾಗಲ್ಲ ನೋಡಿ, ಹಾಗೆ. ಇಪ್ಪತ್ತು ಕೋಟಿ ಕಿಲೋಮೀಟರ್ ದೂರದಲ್ಲಿ ನೌಕೆ ಒಂದು ಕಿಲೋಮೀಟರ್ ಪಕ್ಕಕ್ಕೆ ಸರಿಯೋದು ಅಂದ್ರೆ ದೆಹಲಿಯಲ್ಲಿಟ್ಟ ಕಡಲೆಕಾಳು ತನ್ನ ಅಗಲದಷ್ಟು ಜರುಗಿದ್ದನ್ನ ಬೆಂಗಳೂರಲ್ಲಿ ನಿಂತು ಗುರುತಿಸಿದ ಹಾಗೆ.

ಇಲ್ಲಿ ಹಳಬರು ಹುಡುಕಿದ ಉಪಾಯ ಬಹಳ ಚೆಂದ ಇದೆ. ಭೂಮಿ ತಿರುಗ್ತಿದೆಯಲ್ಲ, ಅದನ್ನೇ ಬಳಸ್ಕೊಳ್ಳೋದು. ನಮ್ಮ ಬೆಂಗಳೂರಿಂದ 40 ಕಿಲೋಮೀಟರ್ ದೂರದ ಬ್ಯಾಲಾಳಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಚಂದ್ರಯಾನ 1ಕ್ಕೆ ಅಂತ 2008ರಲ್ಲಿ ರೆಡಿ ಆಗಿದ್ದು. ಭೂಮಿ ಜೊತೆ ಆ ಡಿಶ್ ಸೆಕೆಂಡಿಗೆ ಸುಮಾರು 453 ಮೀಟರ್ ವೇಗದಲ್ಲಿ ಪೂರ್ವಕ್ಕೆ ಓಡ್ತಿರುತ್ತೆ. ನೌಕೆ ಪೂರ್ವದಲ್ಲಿ ಹುಟ್ಟೋವಾಗ ಡಿಶ್ ಅದರ ಕಡೆಗೆ ಹೋಗ್ತಿರುತ್ತೆ, ಪಶ್ಚಿಮದಲ್ಲಿ ಮುಳುಗೋವಾಗ ಅದರಿಂದ ದೂರ ಹೋಗ್ತಿರುತ್ತೆ. ಹಾಗಾಗಿ ಡಾಪ್ಲರ್ ಗ್ರಾಫಲ್ಲಿ ದಿನಕ್ಕೊಂದು ಸಲ ಉಯ್ಯಾಲೆ ತೂಗಿದ ಹಾಗೆ ಒಂದು ಅಲೆ ಬರುತ್ತೆ. ಆ ಅಲೆ ಸೊನ್ನೆ ದಾಟಿದ ಕ್ಷಣ ಯಾವುದು ಅಂತ ನೋಡಿದ್ರೆ ನೌಕೆ ನಮ್ಮ ನೆತ್ತಿಯ ರೇಖೆ ದಾಟಿದ್ದು ಯಾವಾಗ ಅಂತ ಗೊತ್ತಾಗುತ್ತೆ, ಅಂದ್ರೆ ಪೂರ್ವ ಪಶ್ಚಿಮದ ದಿಕ್ಕು ಸಿಕ್ತು. ಅಲೆ ಎಷ್ಟು ಎತ್ತರ ಇದೆ ಅನ್ನೋದ್ರಿಂದ ನೌಕೆ ಆಕಾಶದ ಮಧ್ಯರೇಖೆಯಿಂದ (ನಮ್ಮ ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಅಂದ್ಕೊಳ್ಳೋ ಗೆರೆ) ಎಷ್ಟು ಉತ್ತರಕ್ಕೋ ದಕ್ಷಿಣಕ್ಕೋ ಇದೆ ಅಂತ ಗೊತ್ತಾಗುತ್ತೆ. ಒಂದೇ ಡಿಶ್ಶು, ಒಂದೇ ಫ್ರೀಕ್ವೆನ್ಸಿ, ಅದರಲ್ಲೇ ದಿಕ್ಕು ಕೂಡ ಅಡಗಿದೆ! ಕ್ಲಾಸಲ್ಲಿ ಸೈನ್ ಕರ್ವ್ ಯಾಕೆ ಓದ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ಇದನ್ನೇ ಹೇಳೋದು.

ಆದ್ರೆ ಇದಕ್ಕೂ ಒಂದು ಕೊರತೆ ಇದೆ. ನೌಕೆ ಆ ಮಧ್ಯರೇಖೆ ಹತ್ರನೇ ಇದ್ರೆ ಅಲೆಯ ಎತ್ತರ ಹೆಚ್ಚುಕಮ್ಮಿ ಬದಲಾಗೋದೇ ಇಲ್ಲ, ಉತ್ತರ ದಕ್ಷಿಣದ ಅಂದಾಜು ಸಡಿಲ ಆಗ್ಬಿಡುತ್ತೆ. ಮತ್ತೆ ಈ ದಾರಿಯಲ್ಲಿ ಉತ್ತರ ಸಿಗ್ಬೇಕಂದ್ರೆ ನೌಕೆ ಮೇಲೆ ಯಾವ್ಯಾವ ಬಲ ಕೆಲಸ ಮಾಡ್ತಿದೆ ಅಂತ ಪೂರ್ತಿ ಗೊತ್ತಿರ್ಬೇಕು. ಗೊತ್ತಿಲ್ದಿದ್ರೆ ಏನಾಗುತ್ತೆ ಅನ್ನೋದಕ್ಕೆ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಸಾಕ್ಷಿ.

1998ರ ಡಿಸೆಂಬರಲ್ಲಿ ನಾಸಾ ಕಳಿಸಿದ ನೌಕೆ ಅದು. ಪೌಂಡು, ನ್ಯೂಟನ್ನು ಗೊಂದಲ ಆಗಿ ಹೋಯ್ತು ಅಂತ ಎಲ್ಲರೂ ಕೇಳಿರ್ತೀರ. ಅಷ್ಟೇ ಹೇಳಿ ಬಿಟ್ರೆ ಏನೋ ಒಂದು ಸ್ಕೂಲ್ ಹುಡುಗರ ತಪ್ಪಿನ ಥರ ಕೇಳಿಸುತ್ತೆ, ಒಳಗಿನ ಕಥೆ ಬೇರೆ. ಆ ನೌಕೆಗೆ ಸೋಲಾರ್ ಪ್ಯಾನಲ್ ಒಂದೇ ಪಕ್ಕಕ್ಕಿತ್ತು. ಬಿಸಿಲಿನ ಒತ್ತಡಕ್ಕೆ ನೌಕೆ ಮೆಲ್ಲಗೆ ತಿರುಗೋಕೆ ನೋಡುತ್ತೆ, ಒಳಗಿನ ಚಕ್ರಗಳು ಅದನ್ನ ತಡೀತಾ ತಡೀತಾ ಜೋರಾಗಿ ಸುತ್ತೋಕೆ ಶುರು ಮಾಡ್ತವೆ, ಆಗಾಗ ಥ್ರಸ್ಟರ್ ಅನ್ನೋ ಪುಟ್ಟ ಇಂಜಿನ್ ಉರಿಸಿ ಆ ಚಕ್ರಗಳ ವೇಗ ಇಳಿಸ್ಬೇಕು. ಅಂದ್ಕೊಂಡಿದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಸಲ ಉರಿಸ್ಬೇಕಾಯ್ತು. ಪ್ರತಿ ಸಲ ಉರಿಸಿದಾಗಲೂ ನೌಕೆಗೆ ಒಂದು ಚೂರು ತಳ್ಳು ಬೀಳುತ್ತೆ. ಆ ತಳ್ಳು ಎಷ್ಟು ಅಂತ ಭೂಮಿ ಮೇಲಿನ ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ನ್ಯಾವಿಗೇಷನ್ ಟೀಮ್ ಅದನ್ನ ನ್ಯೂಟನ್ ಅಂತ ತಗೊಳ್ತು, ನಾಲ್ಕೂವರೆ ಪಟ್ಟು ಕಮ್ಮಿ. ಸರಿ, ಡಾಪ್ಲರ್ ನೋಡಿದ್ರೆ ಗೊತ್ತಾಗ್ಬೇಕಿತ್ತಲ್ಲ ಅಂತೀರಾ? ಆ ತಳ್ಳುಗಳು ಹೆಚ್ಚಾಗಿ ಬಿದ್ದಿದ್ದು ಕಣ್ಣಿನ ನೇರಕ್ಕಲ್ಲ, ಅಡ್ಡಕ್ಕೆ. ಡಾಪ್ಲರಿಗೆ ಅಡ್ಡದ್ದು ಕಾಣಲ್ಲ. ಒಂಬತ್ತು ತಿಂಗಳ ದಾರಿಯಲ್ಲಿ ಅದೇ ಸಣ್ಣ ಸಣ್ಣದು ಕೂಡ್ತಾ ಬಂದು, 1999ರ ಸೆಪ್ಟೆಂಬರ್ 23ಕ್ಕೆ ಮಂಗಳದಿಂದ 226 ಕಿಲೋಮೀಟರ್ ಎತ್ತರದಲ್ಲಿ ಹಾದು ಹೋಗಬೇಕಿದ್ದ ನೌಕೆ ಸುಮಾರು 57 ಕಿಲೋಮೀಟರಿಗೆ ಇಳೀತು. ಅಲ್ಲಿಗೆ ಅದರ ಕಥೆ ಮುಗೀತು. ಕೊನೆಯ ವಾರಗಳಲ್ಲಿ ಲೆಕ್ಕ ಎಲ್ಲೋ ಸರಿ ಕೂರ್ತಿಲ್ಲ ಅಂತ ಕೆಲವರಿಗೆ ಅನುಮಾನ ಬಂದಿತ್ತು, ದಾರಿ ತಿದ್ದೋಕೆ ಐದನೇ ಸಲ ಇಂಜಿನ್ ಉರಿಸೋ ಬಗ್ಗೆ ಮಾತಾಡಿದ್ರು, ಉರಿಸಲಿಲ್ಲ. ನನಗೆ ಈ ಕಥೆಯಲ್ಲಿ ಸಂಕಟ ಆಗೋದು ಯೂನಿಟ್ ತಪ್ಪಿದ್ದಕ್ಕಲ್ಲ, ಅನುಮಾನ ಬಂದ್ಮೇಲೂ ಅದನ್ನ ಬಗೆಹರಿಸದೆ ಮುಂದೆ ಹೋದ್ರಲ್ಲ ಅನ್ನೋದಕ್ಕೆ.

ಆ ಪೆಟ್ಟಾದ ಮೇಲೆ ಅಡ್ಡ ದಿಕ್ಕನ್ನ ನೇರವಾಗಿ ಅಳೆಯೋ ಒಂದು ಹಳೆ ವಿಧಾನಕ್ಕೆ ಮತ್ತೆ ಜೀವ ಬಂತು, 2001ರ ಮಾರ್ಸ್ ಒಡಿಸ್ಸಿ ನೌಕೆಯಿಂದ ಅದನ್ನ ಚೆನ್ನಾಗಿ ಬಳಸೋಕೆ ಶುರು ಮಾಡಿದ್ರು. ಹೆಸರು ಡೆಲ್ಟಾ ಡೋರ್. ಸಾವಿರಾರು ಕಿಲೋಮೀಟರ್ ದೂರ ಇರೋ ಎರಡು ಸ್ಟೇಷನ್, ಉದಾಹರಣೆಗೆ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್ ಮತ್ತೆ ಸ್ಪೇನಿನ ಮ್ಯಾಡ್ರಿಡ್, ಎರಡೂ ಒಂದೇ ಹೊತ್ತಿಗೆ ನೌಕೆ ಸಿಗ್ನಲ್ ಕೇಳ್ತವೆ. ಒಂದು ಕಡೆಗೆ ಸಿಗ್ನಲ್ ಒಂಚೂರು ಮೊದಲು ಬರುತ್ತೆ, ಇನ್ನೊಂದು ಕಡೆಗೆ ಒಂಚೂರು ತಡ, ಆ ವ್ಯತ್ಯಾಸದಿಂದ ದಿಕ್ಕು. ನಮ್ಮ ಎರಡು ಕಿವಿ ಸದ್ದು ಯಾವ ಕಡೆಯಿಂದ ಬಂತು ಅಂತ ಕಂಡುಹಿಡಿಯೋದೂ ಸ್ವಲ್ಪ ಹೀಗೇನೇ. ಆದ್ರೆ ಎರಡು ಸ್ಟೇಷನಿನ ಗಡಿಯಾರದಲ್ಲಿ ಚೂರು ಹೆಚ್ಚುಕಮ್ಮಿ ಇದ್ರೂ, ಒಂದು ಕಡೆ ಮೋಡ ಜಾಸ್ತಿ ಇದ್ರೂ ಅಳತೆ ಕೆಡುತ್ತೆ. ಅದಕ್ಕೆ ತಕ್ಷಣ ಎರಡೂ ಡಿಶ್ಶನ್ನ ನೌಕೆ ಪಕ್ಕದಲ್ಲೇ ಕಾಣೋ ಒಂದು ಕ್ವೇಸಾರ್ ಕಡೆ ತಿರುಗಿಸ್ತಾರೆ. ಕ್ವೇಸಾರ್ ಅಂದ್ರೆ ನೂರಾರು ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯ ನಡುವೆ ಉರೀತಿರೋ ರೇಡಿಯೋ ಮೂಲ, ಅಷ್ಟು ದೂರ ಇರೋದ್ರಿಂದ ಆಕಾಶದಲ್ಲಿ ಅಲುಗಾಡಲ್ಲ, ಅದರ ಜಾಗ ನಮಗೆ ಮೊದಲೇ ಗೊತ್ತು. ಕ್ವೇಸಾರಿಗೂ ಅದೇ ಗಡಿಯಾರದ ತಪ್ಪು, ಅದೇ ಮೋಡದ ತಪ್ಪು ಬರುತ್ತೆ, ಒಂದರಿಂದ ಇನ್ನೊಂದು ಕಳೆದ್ರೆ ತಪ್ಪು ಹೊಡ್ಕೊಂಡು ಹೋಗುತ್ತೆ. ಆಗ ಸಿಗೋ ನಿಖರತೆ ಎಷ್ಟಂದ್ರೆ ಮಂಗಳದ ದೂರದಲ್ಲಿ ಅರ್ಧ ಕಿಲೋಮೀಟರಿಗಿಂತ ಕಮ್ಮಿ ತಪ್ಪು. ದೆಹಲಿಯ ಕಡಲೆಕಾಳು ಈಗ ಕಂಡಿತು.

ಈ ಅಳತೆಗಳನ್ನೆಲ್ಲ ಇಟ್ಕೊಂಡು ಏನು ಮಾಡ್ತೀವಿ ಅಂತ ಹೇಳ್ತೀನಿ, ಯಾಕಂದ್ರೆ ನ್ಯಾವಿಗೇಷನ್ ಅನ್ನೋದರ ಜೀವ ಅಲ್ಲೇ ಇರೋದು. ಅಳತೆಯಿಂದ ನೇರವಾಗಿ ನೌಕೆ ಇಲ್ಲಿದೆ ಅಂತ ಯಾರೂ ಬರೆಯಲ್ಲ. ಮೊದಲು ಕಂಪ್ಯೂಟರಲ್ಲಿ ಒಂದು ನೌಕೆ ಓಡಿಸ್ತೀವಿ. ಸೂರ್ಯ, ಎಲ್ಲಾ ಗ್ರಹಗಳು, ಚಂದ್ರರು ಎಷ್ಟು ಎಳೀತಾರೆ, ಬಿಸಿಲು ಎಷ್ಟು ತಳ್ಳುತ್ತೆ, ಥ್ರಸ್ಟರ್ ಯಾವಾಗ ಉರೀತು, ಎಲ್ಲಾ ಹಾಕಿ. ಆ ಲೆಕ್ಕದ ನೌಕೆಯ ಸಿಗ್ನಲ್ ಇವತ್ತು ಈ ಸ್ಟೇಷನಿಗೆ ಈ ಫ್ರೀಕ್ವೆನ್ಸಿಯಲ್ಲಿ ಬರ್ಬೇಕು ಅಂತ ಮೊದಲೇ ಹೇಳ್ತೀವಿ, ನಿಜವಾಗಿ ಬಂದಿದ್ದರಿಂದ ಅದನ್ನ ಕಳೀತೀವಿ, ಉಳಿದಿದ್ದಕ್ಕೆ ರೆಸಿಡ್ಯುಯಲ್ ಅಂತ ಹೆಸರು. ಸ್ಕ್ರೀನ್ ಮೇಲೆ ಅದು ಬರೀ ಚುಕ್ಕಿಗಳು, ನಿಮಿಷಕ್ಕೊಂದು ಚುಕ್ಕಿ ಅಂದ್ಕೊಳ್ಳಿ. ಎಲ್ಲಾ ಸರಿ ಇದ್ರೆ ಚುಕ್ಕಿಗಳು ಸೊನ್ನೆ ಗೆರೆಯ ಮೇಲೆ ಕೆಳಗೆ ರಾಗಿ ಚೆಲ್ಲಿದ ಹಾಗೆ ಹರಡ್ಕೊಂಡಿರ್ತವೆ. ಏನಾದ್ರೂ ತಪ್ಪಿದ್ರೆ ಆ ರಾಗಿ ಸಾಲು ನಿಧಾನಕ್ಕೆ ಒಂದು ಕಡೆ ವಾಲೋಕೆ ಶುರು ಆಗುತ್ತೆ, ಇಲ್ಲಾ ಅಲೆ ಏಳುತ್ತೆ. ಬೆಳಗ್ಗೆ ಬಂದು ಮೊದಲು ನೋಡೋದು ಅದನ್ನೇ. ವಾಲಿದ್ರೆ ಆ ದಿನ ಊಟ ರುಚಿಸಲ್ಲ, ನಿಜವಾಗ್ಲೂ. ಆಮೇಲೆ ಲೆಕ್ಕದ ನೌಕೆಯ ಜಾಗ, ವೇಗ, ಬಿಸಿಲಿನ ಒತ್ತಡ ಎಲ್ಲವನ್ನೂ ಚೂರು ಚೂರು ಬದಲಾಯಿಸಿ ಚುಕ್ಕಿಗಳು ಮತ್ತೆ ಚಪ್ಪಟೆ ಆಗೋ ತನಕ ತಿದ್ದೋದು.

ಬಿಸಿಲಿನ ಒತ್ತಡ ಅಂದೆನಲ್ಲ, ಅದು ಹತ್ತು ಚದರ ಮೀಟರ್ ಅಗಲದ ಪ್ಯಾನಲ್ ಮೇಲೆ ಎರಡು ಮೂರು ಸಾಸಿವೆ ಕಾಳಿನ ಭಾರದಷ್ಟು. ಆದ್ರೂ ಹತ್ತು ತಿಂಗಳು ಬಿಡದೆ ತಳ್ಳಿದ್ರೆ ನೌಕೆಯನ್ನ ಸಾವಿರಾರು ಕಿಲೋಮೀಟರ್ ಸರಿಸುತ್ತೆ. ಇದಕ್ಕಿಂತಲೂ ಸಣ್ಣದು ನಾಸಾದ ಹಳೆ ನೌಕೆಗಳಾದ ಪಯನೀರ್ 10 ಮತ್ತೆ 11ರಲ್ಲಿ ಕಾಣಿಸ್ತು. ಸೂರ್ಯನಿಂದ ದೂರ ಹೋಗ್ತಿದ್ದ ಆ ಎರಡೂ ನೌಕೆಗಳನ್ನ ಏನೋ ಒಂದು ಸೂರ್ಯನ ಕಡೆಗೆ ಎಳೀತಿದೆ ಅನ್ನೋ ಹಾಗೆ ರೆಸಿಡ್ಯುಯಲ್ ವಾಲ್ತಿತ್ತು, ವರ್ಷಕ್ಕೆ ಲೆಕ್ಕ ಹಾಕಿದ್ರೆ ಸುಮಾರು 400 ಕಿಲೋಮೀಟರ್ ವ್ಯತ್ಯಾಸ. ಗುರುತ್ವದ ನಿಯಮಾನೇ ಬದಲಾಯಿಸ್ಬೇಕೇನೋ ಅಂತ ಎಷ್ಟೋ ಪೇಪರ್ ಬಂತು. ಕೊನೆಗೆ ವಿಜ್ಞಾನಿ ಸ್ಲಾವಾ ತುರಿಶೆವ್ ಮತ್ತೆ ಜೊತೆಯವರು ಹಳೆ ಟೇಪುಗಳನ್ನ ಹುಡುಕಿ ತೆಗೆದು, ನೌಕೆಯ ಪ್ರತಿ ಭಾಗದ ಬಿಸಿ ಎಷ್ಟಿತ್ತು ಅಂತ ಲೆಕ್ಕ ಹಾಕಿ, 2012ರಲ್ಲಿ ತೋರಿಸಿದ್ರು: ನೌಕೆಯ ಒಳಗಿನ ಬಿಸಿ ಒಂದು ಕಡೆಗೆ ಸ್ವಲ್ಪ ಜಾಸ್ತಿ ಹೊರಗೆ ಹೋಗ್ತಿತ್ತು, ಹೊರಗೆ ಹೋಗೋ ಶಾಖ ಹಿಂದಕ್ಕೆ ಕೊಡೋ ತಳ್ಳೇ ನೌಕೆನ ತಡೀತಿತ್ತು ಅಂತ. ಬಿಸಿ ಪಾತ್ರೆ ಆರೋವಾಗ ಆಗೋ ತಳ್ಳನ್ನ ನೂರಾರು ಕೋಟಿ ಕಿಲೋಮೀಟರ್ ದೂರದಿಂದ ಅಳೆದಿದ್ರು ಅಂತ ಆಯ್ತು.

ಇನ್ನು ನಮ್ಮ ಮಂಗಳಯಾನ. 2013ರ ನವೆಂಬರ್ 5ಕ್ಕೆ ಹಾರಿ, ನವೆಂಬರ್ 30ರ ಮಧ್ಯರಾತ್ರಿ ದಾಟಿ ಡಿಸೆಂಬರ್ 1 ಶುರು ಆದ್ಮೇಲೆ ಭೂಮಿ ಬಿಟ್ಟು ಹೊರಡ್ತು. ದಾರಿಯಲ್ಲಿ ಸಣ್ಣ ತಿದ್ದುಪಡಿಗೆ ಅಂತ ನಾಲ್ಕು ಜಾಗ ಗುರುತು ಹಾಕಿದ್ರು, ಡಿಸೆಂಬರ್ 11ಕ್ಕೆ ಒಂದು ಸಲ 40 ಸೆಕೆಂಡ್, 2014ರ ಜೂನ್ 11ಕ್ಕೆ 16 ಸೆಕೆಂಡ್ ಥ್ರಸ್ಟರ್ ಉರಿಸಿದ್ರು. ಏಪ್ರಿಲಲ್ಲಿ, ಆಗಸ್ಟಲ್ಲಿ ಉರಿಸೋ ಅಗತ್ಯಾನೇ ಬೀಳಲಿಲ್ಲ. ಜನ ಇಂಜಿನ್ ಉರಿದಿದ್ದನ್ನ ಹೊಗಳ್ತಾರೆ, ನನಗೆ ಉರಿಸದೇ ಬಿಟ್ಟಿದ್ದೇ ದೊಡ್ಡದು ಅನ್ಸುತ್ತೆ, ಲೆಕ್ಕ ಅಷ್ಟು ಸರಿ ಕೂತಿತ್ತು ಅಂತ ಅದರ ಅರ್ಥ. ಬ್ಯಾಲಾಳು ಡಿಶ್ ಜೊತೆ ನಾಸಾದ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾ ಸ್ಟೇಷನ್‌ಗಳೂ ಕೈಜೋಡಿಸಿದ್ವು, ಭೂಮಿ ತಿರುಗ್ತಿರೋದ್ರಿಂದ ಒಂದೇ ಊರಿಂದ ನೌಕೆನ ಇಡೀ ದಿನ ನೋಡೋಕಾಗಲ್ಲ, ಅದಕ್ಕೇ ಆ ಮೂರನ್ನ ಪ್ರಪಂಚದ ಸುತ್ತ ಹೆಚ್ಚುಕಮ್ಮಿ ಸಮ ಅಂತರದಲ್ಲಿ ಕಟ್ಟಿರೋದು.

2014ರ ಸೆಪ್ಟೆಂಬರ್ 24ರ ಬೆಳಗ್ಗೆ ನೆನಪಿದೆಯಾ, ನೀವು ಆಗ ಪ್ರೈಮರಿ ಸ್ಕೂಲಲ್ಲಿ ಇದ್ದಿರಬೇಕು. 7 ಗಂಟೆ 17 ನಿಮಿಷಕ್ಕೆ ದೊಡ್ಡ ಇಂಜಿನ್ ಉರಿಯೋಕೆ ಶುರು, ನಾಲ್ಕು ನಿಮಿಷ ಆಗೋದ್ರಲ್ಲಿ ನೌಕೆ ಮಂಗಳದ ಹಿಂದೆ ಮರೆ ಆಯ್ತು. ಇಂಜಿನ್ ಹತ್ತಿಕೊಳ್ತು ಅನ್ನೋ ಸುದ್ದಿ ಭೂಮಿಗೆ ಬಂದಿದ್ದು ಏಳೂವರೆಗೆ, ಅಷ್ಟೊತ್ತಿಗೆ ನೌಕೆ ಮರೆಯಲ್ಲೇ ಇತ್ತು. ಇಲ್ಲಿಂದ ಏನೂ ಮಾಡೋ ಹಾಗಿಲ್ಲ, ಮಾಡಬೇಕಾದ್ದನ್ನೆಲ್ಲ ಕೆಲವು ದಿನ ಮೊದಲೇ ನೌಕೆಗೆ ಕಮಾಂಡ್ ಆಗಿ ಕಳಿಸಿಟ್ಟಿದ್ರು. ಸುಮಾರು 24 ನಿಮಿಷ ಉರಿದು, ವೇಗ ಸೆಕೆಂಡಿಗೆ 1099 ಮೀಟರ್ ಇಳಿದು, ಎಂಟು ಗಂಟೆ ಹೊತ್ತಿಗೆ ಸಿಗ್ನಲ್ ಮತ್ತೆ ಬಂತು, ಡಾಪ್ಲರ್ ಅಂದ್ಕೊಂಡ ಜಾಗದಲ್ಲೇ ಇತ್ತು. ಟಿವಿಯಲ್ಲಿ ಕೈಕುಲುಕಿದ್ದು ಕಂಡಿರ್ತೀರ, ಆ ನಗು ಬಂದಿದ್ದು ಒಂದು ಫ್ರೀಕ್ವೆನ್ಸಿ ನಂಬರ್ ನೋಡಿ.

ಕ್ಯಾಮೆರಾ ಕೆಲಸಕ್ಕೇ ಬರಲ್ವಾ ಅಂದ್ರೆ ಬರುತ್ತೆ, ಹತ್ರ ಹೋದ ಮೇಲೆ. ಗ್ರಹವೇ ಎಲ್ಲಿದೆ ಅನ್ನೋದು ನಮಗೆ ಅಷ್ಟು ಖಚಿತ ಇಲ್ಲದ ಕಡೆ, ಪ್ಲೂಟೊ ಥರದ ಕಡೆ, ನೌಕೆ ತನ್ನ ಕ್ಯಾಮೆರಾದಲ್ಲಿ ಗ್ರಹವನ್ನ ಹಿಂದಿನ ನಕ್ಷತ್ರಗಳ ಜೊತೆ ಫೋಟೋ ತೆಗೆದು ಕಳಿಸುತ್ತೆ, ಅದನ್ನ ನೋಡಿ ಇಲ್ಲಿ ದಾರಿ ತಿದ್ದುತಾರೆ. ನಾಸಾದ ನ್ಯೂ ಹೊರೈಜನ್ಸ್ ನೌಕೆ 2015ರ ಜುಲೈ 14ಕ್ಕೆ ಪ್ಲೂಟೊದಿಂದ ಸುಮಾರು 12,500 ಕಿಲೋಮೀಟರ್ ಹತ್ರ ಹಾದು ಹೋಗಿದ್ದು ಹೀಗೇ. ಇಂಥ ಒಂದು ನ್ಯಾವಿಗೇಷನ್ ಫೋಟೋದಿಂದ ದೊಡ್ಡ ಆವಿಷ್ಕಾರಾನೂ ಆಗಿದೆ. 1979ರ ಮಾರ್ಚಲ್ಲಿ ವಾಯೇಜರ್ 1 ಗುರುಗ್ರಹ ದಾಟಿ ಹೋದ ಮೇಲೆ, ನಾಸಾದ ಜೆಪಿಎಲ್ ಪ್ರಯೋಗಾಲಯದ ನ್ಯಾವಿಗೇಷನ್ ಇಂಜಿನಿಯರ್ ಲಿಂಡಾ ಮೊರಬಿಟೊ ಅವರು ಹಿಂದಿನ ಮಂಕಾದ ನಕ್ಷತ್ರ ಕಾಣ್ಲಿ ಅಂತ ಬೇಕಂತಲೇ ಜಾಸ್ತಿ ಬೆಳಕು ಬಿಟ್ಟು ತೆಗೆದ, ಗುರುಗ್ರಹದ ಅಯೋ ಅನ್ನೋ ಚಂದ್ರನ ಫೋಟೋ ನೋಡ್ತಿದ್ರು. ಅಂಚಲ್ಲಿ ಛತ್ರಿ ಥರ ಏನೋ ಎದ್ದಿರೋದು ಕಾಣಿಸ್ತು. ಅದು ಜ್ವಾಲಾಮುಖಿ, ಭೂಮಿ ಬಿಟ್ಟು ಬೇರೆ ಕಡೆ ಉರೀತಿರೋ ಜ್ವಾಲಾಮುಖಿ ಮನುಷ್ಯರ ಕಣ್ಣಿಗೆ ಬಿದ್ದಿದ್ದು ಅದೇ ಮೊದಲು. ವಿಜ್ಞಾನದ ಫೋಟೋಗಳಲ್ಲಿ ಬೆಳಕು ಸರಿಯಾಗಿ ಇಟ್ಟಿದ್ರಿಂದ ಅದು ಎದ್ದು ಕಂಡಿರಲಿಲ್ಲ, ನಕ್ಷತ್ರ ಹುಡುಕ್ತಿದ್ದವರಿಗೆ ಕಂಡಿತು.

ಈಗ ವಾಯೇಜರ್ ಬಗ್ಗೆ ನೀವು ಕೇಳಿದ್ದು. ವಾಯೇಜರ್ 1 ಈಗ ಸುಮಾರು 2500 ಕೋಟಿ ಕಿಲೋಮೀಟರ್ ಆಚೆ ಇದೆ, ಸಿಗ್ನಲ್ ಬರೋಕೆ 23 ಗಂಟೆಗೂ ಜಾಸ್ತಿ. ಅದು ಸೆಕೆಂಡಿಗೆ 17 ಕಿಲೋಮೀಟರ್ ಹೋಗ್ತಿದೆ, ಆದ್ರೆ ಅದನ್ನ ಎಲ್ಲಿ ಹುಡುಕೋದು ಅನ್ನೋದು ಈಗ ಕಷ್ಟದ ಪ್ರಶ್ನೆನೇ ಅಲ್ಲ. ಅದನ್ನ ಎಳೆಯೋಕೆ ಹತ್ರ ಗ್ರಹ ಇಲ್ಲ, ಗಾಳಿ ಇಲ್ಲ, ಬಿಸಿಲೂ ಇಲ್ಲ ಅನ್ನೋಷ್ಟು ಕಮ್ಮಿ, ದಾರಿ ಹೆಚ್ಚುಕಮ್ಮಿ ಗೆರೆ ಎಳೆದ ಹಾಗೆ ನೇರ. ಕಷ್ಟ ಇರೋದು ಕೇಳಿಸ್ಕೊಳ್ಳೋದ್ರಲ್ಲಿ. ಅದರ ಟ್ರಾನ್ಸ್‌ಮಿಟರ್ ಸುಮಾರು 23 ವ್ಯಾಟ್, ಫ್ರಿಜ್ ಒಳಗಿನ ಬಲ್ಬಿನಷ್ಟು. 70 ಮೀಟರ್ ಡಿಶ್ಶಿಗೆ ಬಂದು ಸೇರೋ ಶಕ್ತಿ ಎಷ್ಟಂದ್ರೆ, ಒಂದು ವ್ಯಾಟನ್ನ ಕೋಟಿ ಪಾಲು ಮಾಡಿ, ಅದರ ಒಂದು ಪಾಲನ್ನ ಮತ್ತೆ ಕೋಟಿ ಪಾಲು ಮಾಡಿ, ಅದರಲ್ಲೊಂದನ್ನ ಇನ್ನೂ ಹತ್ತು ಸಾವಿರ ಪಾಲು ಮಾಡಿದ್ರೆ ಸಿಗೋ ಚೂರಿಗಿಂತಲೂ ಕಮ್ಮಿ. ಅದಕ್ಕೇ ರಿಸೀವರಿನ ಆಂಪ್ಲಿಫೈಯರನ್ನ ಹೀಲಿಯಮ್ ಬಳಸಿ ಮೈನಸ್ 250 ಡಿಗ್ರಿಗಿಂತ ಕೆಳಗೆ ತಣ್ಣಗಿಡ್ತಾರೆ, ಇಲ್ದಿದ್ರೆ ಆಂಪ್ಲಿಫೈಯರಿನ ಬಿಸಿಯ ಸದ್ದಲ್ಲೇ ವಾಯೇಜರ್ ಮುಳುಗೋಗುತ್ತೆ. ನಮ್ಮ ಡಿಶ್ಶಿಗೆ ಬ್ಯಾಲಾಳನ್ನ ಆರಿಸಿದ್ದೂ ಇಂಥ ಸದ್ದು ತಪ್ಪಿಸೋಕೇ, ಸುತ್ತ ಗುಡ್ಡ ಇರೋ ಬಟ್ಟಲಿನಂಥ ಜಾಗ, ಊರಿನ ರೇಡಿಯೋ ಗಲಾಟೆ ಒಳಗೆ ಬರಲ್ಲ.

ವಾಯೇಜರ್ ಕಡೆಯಿಂದ ಇರೋ ಜವಾಬ್ದಾರಿ ಒಂದೇ, ತನ್ನ 3.7 ಮೀಟರ್ ಡಿಶ್ಶನ್ನ ಭೂಮಿ ಕಡೆ ಹಿಡಿದಿರೋದು. ಸೂರ್ಯನನ್ನ ನೋಡೋಕೆ ಒಂದು ಸೆನ್ಸರ್, ನಕ್ಷತ್ರ ನೋಡೋಕೆ ಇನ್ನೊಂದು. ಆ ನಕ್ಷತ್ರ ಯಾವುದು ಗೊತ್ತಾ, ವಾಯೇಜರ್ ಹೊರಟಾಗ ಗುರಿ ಇಟ್ಟಿದ್ದು ಕ್ಯಾನೊಪಸ್, ನಮ್ಮ ಅಗಸ್ತ್ಯ. ಚಳಿಗಾಲದ ರಾತ್ರಿ ದಕ್ಷಿಣದ ಕಡೆ ಕೆಳಗೆ ಹೊಳೀತಿರುತ್ತಲ್ಲ, ಅದೇ. ಅಷ್ಟು ದೂರದಿಂದ ನೋಡಿದ್ರೆ ಭೂಮಿ ಸೂರ್ಯನಿಂದ ಎಷ್ಟೇ ಪಕ್ಕಕ್ಕೆ ಹೋದ್ರೂ ಆ ಅಂತರ ನಮ್ಮ ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಕಮ್ಮಿ, ಹಾಗಾಗಿ ಸೂರ್ಯನ ಕಡೆ ನೋಡಿದ್ರೆ ಸಾಕು, ಭೂಮಿ ಅಲ್ಲೇ ಇರುತ್ತೆ. ಆದ್ರೆ ಚೂರು ತಪ್ಪಿದ್ರೂ ಕಥೆ ಮುಗೀತು. 2023ರ ಜುಲೈಯಲ್ಲಿ ತಪ್ಪಾದ ಒಂದು ಕಮಾಂಡಿಂದ ವಾಯೇಜರ್ 2ರ ಡಿಶ್ ಎರಡೇ ಡಿಗ್ರಿ ಆಚೆ ತಿರುಗ್ತು, ಅಷ್ಟಕ್ಕೇ ಮಾತು ನಿಂತೋಯ್ತು. ಆ ನೌಕೆ ಆಕಾಶದಲ್ಲಿ ತುಂಬಾ ದಕ್ಷಿಣಕ್ಕಿರೋದ್ರಿಂದ ಅದಕ್ಕೆ ಕಮಾಂಡ್ ಕಳಿಸೋಕೆ ಆಗೋದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರೋ 70 ಮೀಟರ್ ಡಿಶ್ಶಿಂದ ಮಾತ್ರ. ಅಲ್ಲಿಂದ ಪೂರ್ತಿ ಪವರ್ ಹಾಕಿ, ಭೂಮಿ ಕಡೆ ತಿರುಗು ಅಂತ ಕಳಿಸಿದ್ರು. ಹೋಗೋಕೆ ಹದಿನೆಂಟೂವರೆ ಗಂಟೆ, ಉತ್ತರ ಬರೋಕೆ ಹದಿನೆಂಟೂವರೆ ಗಂಟೆ. 37 ಗಂಟೆ ಕಾದ ಮೇಲೆ, ಆಗಸ್ಟ್ 4ಕ್ಕೆ ಡೇಟಾ ಬರೋಕೆ ಶುರು ಆಯ್ತು.

ನೀವೇ ನೋಡ್ಬೇಕು ಅಂದ್ರೆ ನಾಸಾದ ಡಿಎಸ್ಎನ್ ನೌ ಅನ್ನೋ ಪೇಜ್ ತೆಗೀರಿ (ಡಿಎಸ್ಎನ್ ಅಂದ್ರೆ ಗೋಲ್ಡ್‌ಸ್ಟೋನ್, ಮ್ಯಾಡ್ರಿಡ್, ಕ್ಯಾನ್‌ಬೆರಾದ ಆ ಡಿಶ್ಶುಗಳ ಜಾಲ), ಎಲ್ಲರಿಗೂ ಫ್ರೀ. ಮೂರು ಊರಿನ ಡಿಶ್ಶುಗಳು, ಯಾವ ಡಿಶ್ ಈಗ ಯಾವ ನೌಕೆ ಜೊತೆ ಮಾತಾಡ್ತಿದೆ ಅಂತ ಲೈವ್ ಬರುತ್ತೆ. ಡಿಶ್ ಮೇಲೆ ಕ್ಲಿಕ್ ಮಾಡಿದ್ರೆ ನೌಕೆ ಎಷ್ಟು ದೂರ, ಸಿಗ್ನಲ್ ಹೋಗಿ ಬರೋಕೆ ಎಷ್ಟು ಹೊತ್ತು ಅನ್ನೋದೂ ಇರುತ್ತೆ. ಕ್ಯಾನ್‌ಬೆರಾದ 43ನೇ ನಂಬರ್ ಡಿಶ್ ಮೇಲೆ ಕಣ್ಣಿಡಿ. ಅದರ ಕೆಳಗೆ ವಾಯೇಜರ್ 2 ಅಂತ ಬಂದಾಗ ಸ್ಕ್ರೀನಲ್ಲಿ ಅಲೆ ಅಲೆಯಾಗಿ ಸಿಗ್ನಲ್ ಇಳಿಯೋದು ತೋರಿಸ್ತಾರೆ, ಅದು ಆ ನೌಕೆಯಿಂದ ನಿನ್ನೆ ಹೊರಟಿದ್ದು.